ಮೀಸೆ ಸವರಿದ ಕೈ

ನಮ್ಮ ಶಿಡ್ಲಘಟ್ಟದ ಕಡೆ ಇಲಿಯ ಬಗ್ಗೆ ಒಳ್ಳೆಯ ಮಾತಾಡುವವರು ಯಾರೂ ಇಲ್ಲ. ರೇಷ್ಮೆ ಹುಳು ಸಾಕುವ ಮನೆಗೆ ಒಂದೇ ಒಂದು ಇಲಿ ನುಗ್ಗಿದರೂ ಬೆಳಗಾಗುವುದರೊಳಗೆ ಅರ್ಧ ತಟ್ಟೆ ಹುಳು ಮಾಯವಾಗಿರುತ್ತದೆ. ಅಂಥ ಮನೆಯಲ್ಲಿ ಹುಟ್ಟಿದ ನಾನು ಹೋಗಿ ಹೋಗಿ ಇಲಿ ಸಾಕುವ ಕೆಲಸಕ್ಕೇ ಸೇರಿಕೊಂಡೆ. ಅಮ್ಮನಿಗೆ ಹೇಳಿದ ದಿನ ಅವಳು ಸೊಪ್ಪು ಕತ್ತರಿಸುತ್ತಿದ್ದ ಕುಡುಗೋಲನ್ನು ಕೆಳಗಿಟ್ಟು ನನ್ನ ಮುಖವನ್ನೇ ನೋಡಿದಳು.

"ಡಿಗ್ರಿ ಓದ್ಸಿದ್ದು ಇಲಿ ಮೇಯ್ಸೋಕೇನೇ?"

"ಮೇಯ್ಸೋದಲ್ಲಮ್ಮ. ಅವುಗಳ ಮೆದುಳು ಹೆಂಗೆ ಕೆಲ್ಸ ಮಾಡ್ತದೆ ಅಂತ ನೋಡ್ತಾರೆ."

"ಇಲಿಗೆ ಮೆದುಳೈತೆ ಅಂತ ನಂಗೆ ಚೆನ್ನಾಗಿ ಗೊತ್ತು. ಎಷ್ಟು ಬೋನಿಟ್ರೂ ಬೀಳಲ್ಲ. ಅದನ್ನ ನೋಡೋಕೆ ಮಿಷಿನ್ ಬೇರೆ ಕೇಡು!"

ಅಂದಿನಿಂದ ಅಮ್ಮ ಒಂದು ಕಾನೂನು ಮಾಡಿದಳು. ನಾನು ಊರಿಗೆ ಬಂದರೆ ಮೊದಲು ತಲೆಗೆ ಸ್ನಾನ, ಆಮೇಲೆ ಬೇರೆ ಬಟ್ಟೆ. ಅಷ್ಟಾದ ಮೇಲೆಯೇ ಹುಳು ಮನೆಯ ಬಾಗಿಲು ನನಗೆ ತೆರೆಯುತ್ತಿತ್ತು. ಇಲಿಯ ವಾಸನೆ ಹುಳುವಿಗೆ ತಗುಲಬಾರದಂತೆ. ನನ್ನನ್ನು ಕಂಡರೆ ನಮ್ಮ ಬೆಕ್ಕಿಗೆ ಮಾತ್ರ ಎಲ್ಲಿಲ್ಲದ ಪ್ರೀತಿ ಹುಟ್ಟಿಕೊಂಡಿತು.

ನಾನು ಕೆಲಸ ಮಾಡುವ ಸಂಶೋಧನಾ ಕೇಂದ್ರ ಚಿಕ್ಕಬಳ್ಳಾಪುರದ ಹೊರಗಿದೆ. ಇಲಿ ಕೋಣೆಯ ಕಿಟಕಿಯಿಂದ ನೋಡಿದರೆ ನಂದಿಬೆಟ್ಟ ಕಾಣುತ್ತದೆ. ಬೆಟ್ಟ ಅಗೆದು ಇಲಿ ಹಿಡಿದರು ಎನ್ನುವ ಗಾದೆಯನ್ನು ನಮ್ಮ ಬಸ್ ಕಂಡಕ್ಟರಿನಿಂದ ಹಿಡಿದು ಬಾಡಿಗೆ ಮನೆಯ ಯಜಮಾನಿಯವರೆಗೆ ಎಲ್ಲರೂ ನನಗೆ ಹೇಳಿಯಾಗಿದೆ. ನಾನು ವಿಜ್ಞಾನಿಯಲ್ಲ. ನನ್ನ ಆರ್ಡರಿನಲ್ಲಿ 'ತಾಂತ್ರಿಕ ಸಹಾಯಕಿ' ಎಂದಿದೆ. ಅದು ಒಂದೊಂದು ವರ್ಷಕ್ಕೆ ಹೊಸದಾಗಿ ಬರೆಸಿಕೊಳ್ಳಬೇಕಾದ ಕೆಲಸ. ಆದರೆ ಇಲಿಯನ್ನು ಹಿಡಿಯುವುದರಲ್ಲಿ ನನಗಿಂತ ಗಟ್ಟಿಗರು ಅಲ್ಲಿ ಯಾರೂ ಇಲ್ಲ ಎಂದು ನನಗೆ ಸ್ವಲ್ಪ ಹೆಚ್ಚೇ ಜಂಬವಿತ್ತು. ಇದನ್ನು ಮುಚ್ಚಿಡುವುದಿಲ್ಲ, ಏಕೆಂದರೆ ಈ ಕಥೆ ನಡೆದದ್ದೇ ಆ ಜಂಬದಿಂದ.

ಆ ಕೇಂದ್ರದಲ್ಲಿ ನನಗೆ ಅತ್ಯಂತ ಇಷ್ಟವಾದವಳು ಪಿಎಚ್‌ಡಿ ಮಾಡುತ್ತಿದ್ದ ಒಬ್ಬ ಹುಡುಗಿ. ಗೌರಿಬಿದನೂರಿನ ಆಚೆ ನಗರಗೆರೆಯವಳು, ಮೇಷ್ಟ್ರ ಮಗಳು. ನನಗಿಂತ ಮೂರು ವರ್ಷ ಚಿಕ್ಕವಳು. ಎಲ್ಲರೆದುರು ನಾನು ಅವಳನ್ನು ಮೇಡಂ ಎನ್ನುತ್ತಿದ್ದೆ. ನಾವಿಬ್ಬರೇ ಇದ್ದಾಗ ಅವಳಿಗೆ ನಾನು ಅಕ್ಕ, ನನಗೆ ಅವಳು 'ಬಾರಮ್ಮ, ಹೋಗಮ್ಮ'. ಅವರ ವಂಶದಲ್ಲಿ ಹೆಸರಿನ ಮುಂದೆ ಡಾಕ್ಟರ್ ಹಾಕಿಕೊಳ್ಳಲಿರುವವರಲ್ಲಿ ಅವಳೇ ಮೊದಲನೆಯವಳು. ಊಟದ ಡಬ್ಬಿ ತೆರೆದು ನನಗೂ ಬಡಿಸುತ್ತಾ ಅವಳು ತನ್ನ ಸಂಶೋಧನೆಯ ವಿಷಯವನ್ನು ನನಗೆ ವಿವರಿಸಿದ ದಿನ ನನಗೆ ಇಂದಿಗೂ ನೆನಪಿದೆ.

"ಅಕ್ಕ, ಏನೂ ಮಾಡ್ದೆ ಸುಮ್ನೆ ಮಲಗಿದ್ದಾಗ ಮೆದುಳು ಏನ್ ಮಾಡ್ತಿರುತ್ತೆ ಹೇಳಿ?"

"ಅದೂ ಮಲಗಿರುತ್ತೆ."

"ಅದೇ ಇಲ್ಲ! ಈಗ ನಿಮ್ಮ ಬೀದೀಲಿ ವೋಲ್ಟೇಜು ಏರುಪೇರಾಗ್ತಾ ಇದೆ ಅನ್ಕೊಳ್ಳಿ. ಆ ತುದಿ ಮನೇಲಿ ಬಲ್ಬು ಮಂಕಾದಾಗ್ಲೇ ಈ ತುದಿ ಮನೇಲೂ ಮಂಕಾಗುತ್ತೆ, ಅಲ್ಲಿ ಉರಿದಾಗ ಇಲ್ಲೂ ಉರಿಯುತ್ತೆ. ಅಂದ್ರೆ ಏನರ್ಥ?"

"ಎರಡೂ ಒಂದೇ ಲೈನಲ್ಲಿವೆ ಅಂತ."

"ಅಷ್ಟೇ ಅಕ್ಕ! ಮೆದುಳಲ್ಲೂ ಹಂಗೇನೆ. ಇಲಿ ಸುಮ್ನೆ ಮಲಗಿದ್ರೂ ಕೆಲವು ಜಾಗಗಳು ಒಟ್ಟೊಟ್ಟಿಗೆ ಮಂಕಾಗ್ತಾವೆ, ಒಟ್ಟೊಟ್ಟಿಗೆ ಉರೀತಾವೆ. ಯಾವ್ಯಾವುದು ಒಂದೇ ಲೈನಲ್ಲಿವೆ ಅಂತ ನಮ್ಮ ಸ್ಕ್ಯಾನರ್‌ನಲ್ಲಿ ಕಾಣುತ್ತೆ."

ಇಲಿಗೆ ಕಣ್ಣಿಗಿಂತ ಮೀಸೆ ದೊಡ್ಡದು. ಕತ್ತಲಲ್ಲಿ ಗೋಡೆ ಎಲ್ಲಿದೆ, ಬಿಲ ಎಷ್ಟು ಅಗಲ, ಮುಂದಿರುವುದು ಕಾಳೋ ಕಲ್ಲೋ ಎಂಬುದೆಲ್ಲ ಅದಕ್ಕೆ ತಿಳಿಯುವುದು ಮೀಸೆಯಿಂದ. ಅದಕ್ಕೇ ಮೆದುಳಿನಲ್ಲಿ ಎಡಕ್ಕೂ ಬಲಕ್ಕೂ ಮೀಸೆಗೆಂದೇ ಒಂದೊಂದು ಜಾಗವಿದೆ. ಅವಳ ಪ್ರಯೋಗ ಹೀಗಿತ್ತು. ಮೊದಲು ಇಲಿಯನ್ನು ಸ್ಕ್ಯಾನರಿನೊಳಗೆ ಸುಮ್ಮನೆ ಮಲಗಿಸಿ ಒಂದು ಚಿತ್ರ ತೆಗೆಯುವುದು. ಆಮೇಲೆ ಸಣ್ಣ ಕೊಳವೆಯಿಂದ ಅದರ ಮೀಸೆಗೆ ಗಾಳಿ ಊದುವುದು. ಊದುವುದನ್ನು ನಿಲ್ಲಿಸಿ ಮತ್ತೆ ಸುಮ್ಮನೆ ಮಲಗಿದ್ದಾಗಲೇ ಇನ್ನೊಂದು ಚಿತ್ರ. ಮೊದಲಿನ ಚಿತ್ರಕ್ಕೂ ಆಮೇಲಿನ ಚಿತ್ರಕ್ಕೂ ವ್ಯತ್ಯಾಸವಿದೆಯೇ? ಮುಟ್ಟಿದ ಕೈ ಹಿಂದಕ್ಕೆ ಹೋದ ಮೇಲೂ ಮುಟ್ಟಿದ್ದು ಮೆದುಳಿನ ವಿಶ್ರಾಂತಿಯೊಳಗೆ ಉಳಿದಿರುತ್ತದೆಯೇ? ಇಷ್ಟೇ ಪ್ರಶ್ನೆ. ಇದನ್ನು ಕೇಳಿದ ಮೇಲೆ ನಾನು ಆ ದಿನ ಸಂಜೆ ಬಸ್ಸಿನಲ್ಲಿ ಕುಳಿತಿದ್ದವರ ತಲೆಗಳನ್ನೆಲ್ಲ ಬೇರೆ ಥರ ನೋಡಿದೆ.

ನನ್ನ ಪಾಲಿನ ಕೆಲಸ ಇಲಿಯನ್ನು ಸ್ಕ್ಯಾನರಿಗೆ ತಯಾರು ಮಾಡುವುದು. ಮಂಪರು ಬರಿಸುವ ಹಗುರವಾದ ಔಷಧ ಕೊಟ್ಟ ಮೇಲೆ ಅದು ಹತ್ತಲು ಕೆಲವು ನಿಮಿಷ ಬೇಕು. ಆಗ ಇಲಿ ಗಾಬರಿಯಾಗಬಾರದು. ನಾನು ಅದನ್ನು ಎಡಗೈಯಲ್ಲಿ ಮಡಿಲ ಮಗುವಿನ ಹಾಗೆ ಇಟ್ಟುಕೊಂಡು, ಮುಖ ಸವರುತ್ತಾ, ಕಣ್ಣು ಜೋಲುವವರೆಗೆ ಕಾಯುತ್ತಿದ್ದೆ. ನನ್ನ ಕೈಯಲ್ಲಿ ಒಂದು ಇಲಿಯೂ ಕಚ್ಚಿದ್ದಿಲ್ಲ, ಒದ್ದಾಡಿದ್ದಿಲ್ಲ. ಒಂದು ವರ್ಷದ ಹತ್ತಿರ ಆ ಹುಡುಗಿಯ ಇಲಿಗಳನ್ನೆಲ್ಲ ತಯಾರು ಮಾಡಿದವಳು ನಾನೇ.

ನಡುವೆ ಹತ್ತು ದಿನ ಮಾತ್ರ ಊರಿಗೆ ಹೋಗಿದ್ದೆ. ಗೂಡು ಬಿಡಿಸುವ ಕಾಲ, ಅಮ್ಮನಿಗೆ ಆಳು ಸಿಕ್ಕಿರಲಿಲ್ಲ. ಆಗ ನನ್ನ ಕೆಲಸ ನೋಡಿಕೊಂಡವನು ಇನ್ನೊಬ್ಬ ಸಹಾಯಕ, ಚಿಂತಾಮಣಿಯವನು. ಅವನ ಕೆಲಸದ ರೀತಿ ಕಂಡರೆ ನನಗೆ ಮೈಯೆಲ್ಲ ಉರಿಯುತ್ತಿತ್ತು. ಇಲಿಗೆ ಔಷಧ ಕೊಡುವುದು, ಡಬ್ಬಿಗೆ ಹಾಕುವುದು, ಮುಚ್ಚಳ ಹಾಕಿ ಕೈಕಟ್ಟಿ ಕೂರುವುದು. ಅಷ್ಟೇ. ಟೊಮೆಟೊ ಕ್ರೇಟನ್ನು ಇದಕ್ಕಿಂತ ಪ್ರೀತಿಯಿಂದ ಇಳಿಸುತ್ತಾರೆ ಎಂದು ಅವನ ಎದುರಿಗೇ ಹೇಳಿದ್ದೆ. ಅವನು ನಕ್ಕು, "ಅಕ್ಕಾ, ಅದಕ್ಕೆ ನಿದ್ದೆ ಬರ್ತದೆ, ಬಿಡು. ನಾವ್ಯಾಕೆ ಜೋಗುಳ ಹಾಡ್ಬೇಕು?" ಎಂದಿದ್ದ.

ಕಳೆದ ಚಳಿಗಾಲದ ಒಂದು ಶುಕ್ರವಾರ ಬೆಂಗಳೂರಿನಿಂದ ಪ್ರೊಫೆಸರ್ ಬಂದರು. ಹುಡುಗಿಯ ಮಾರ್ಗದರ್ಶಕರು ಅವರೇ. ಮಾತು ಕಡಿಮೆ, ಆದರೆ ಆಡಿದ್ದೆಲ್ಲ ಗುರಿಗೆ ತಾಗುವಂಥದ್ದು. ಪರದೆಯ ಮೇಲೆ ಅವಳು ಚಿತ್ರಗಳನ್ನು ಜೋಡಿಸಿ ಇಟ್ಟಿದ್ದಳು. ನಾನೂ ಚಿಂತಾಮಣಿಯವನೂ ಹಿಂದೆ ನಿಂತಿದ್ದೆವು.

ನಾನು ತಯಾರು ಮಾಡಿದ ಇಲಿಗಳ ಚಿತ್ರಗಳಲ್ಲಿ ಮೊದಲಿನದಕ್ಕೂ ಆಮೇಲಿನದಕ್ಕೂ ಏನೇನೂ ವ್ಯತ್ಯಾಸವಿರಲಿಲ್ಲ. ಎರಡರಲ್ಲೂ ಎಡಬಲದ ಮೀಸೆಯ ಜಾಗಗಳು ಒಂದೇ ಲೈನಿನಲ್ಲಿದ್ದ ಹಾಗೆ ಕೆಂಪಗೆ ಹೊಳೆಯುತ್ತಿದ್ದವು. ಅವನು ತಯಾರು ಮಾಡಿದ ಆರು ಇಲಿಗಳಲ್ಲಿ ಮಾತ್ರ ಮೊದಲಿನ ಚಿತ್ರ ಮಂಕಾಗಿತ್ತು, ಆಮೇಲಿನದು ಕೆಂಪಗಿತ್ತು.

"ಎರಡು ಕೈ, ಎರಡು ಉತ್ತರ," ಎಂದರು ಪ್ರೊಫೆಸರ್. "ಯಾವುದೋ ಒಂದು ತಪ್ಪು."

ನಾನು ಬಾಯಿ ಮುಚ್ಚಿಕೊಂಡಿರಬಹುದಿತ್ತು. "ಸರ್, ತಪ್ಪಿದ್ರೆ ಆ ಆರರಲ್ಲೇ ಇರ್ಬೇಕು. ಅವನ್ನ ಯಾರೂ ಸರಿಯಾಗಿ ನೋಡ್ಕೊಂಡಿಲ್ಲ," ಎಂದುಬಿಟ್ಟೆ. ಚಿಂತಾಮಣಿಯವನು ನನ್ನತ್ತ ಒಮ್ಮೆ ನೋಡಿದ.

ಪ್ರೊಫೆಸರ್ ತಲೆಯಾಡಿಸಿದರು. "ಆ ಆರು ತಪ್ಪು ಅಂದ್ರೆ ಉಳಿದವುಗಳಲ್ಲಿ ಹೇಳೋಕೆ ಏನೂ ಇಲ್ಲ. ಆ ಆರು ಸರಿ ಅಂದ್ರೆ ಉಳಿದದ್ದೆಲ್ಲ ಕೆಟ್ಟಿದೆ. ಎರಡು ಥರಾನೂ ಈ ವರ್ಷದ ಡೇಟಾ ಉಪಯೋಗಕ್ಕೆ ಬರಲ್ಲಮ್ಮ. ಮುಂದಿನ ಶುಕ್ರವಾರದೊಳಗೆ ಕಾರಣ ಹುಡುಕಿ. ಸಿಗದಿದ್ರೆ ಎಲ್ಲ ಬಿಟ್ಟು ಹೊಸದಾಗಿ ಶುರು ಮಾಡಿ."

ಹೊಸದಾಗಿ ಶುರು ಮಾಡಲು ಅವಳ ಬಳಿ ಸಮಯವಿರಲಿಲ್ಲ. ಅವಳ ಫೆಲೋಶಿಪ್ ಮುಗಿಯಲು ನಾಲ್ಕೇ ತಿಂಗಳು ಉಳಿದಿತ್ತು. ಅಷ್ಟರಲ್ಲಿ ಪ್ರಬಂಧದ ಈ ಅಧ್ಯಾಯ ಮುಗಿಯದಿದ್ದರೆ ಪಿಎಚ್‌ಡಿ ಅರ್ಧಕ್ಕೇ ನಿಲ್ಲುತ್ತಿತ್ತು. ಪ್ರೊಫೆಸರರ ಕಾರು ಗೇಟು ದಾಟಿದ ಮೇಲೆ ಅವಳು ಊಟದ ಡಬ್ಬಿ ತೆರೆದಳು, ಹಾಗೇ ಮುಚ್ಚಿದಳು. "ಅಕ್ಕ, ಅಪ್ಪಂಗೆ ಏನಂತ ಹೇಳ್ಲಿ? ಊರಲ್ಲಿ ಆಗ್ಲೇ ಎಲ್ರಿಗೂ ಹೇಳ್ಕೊಂಡು ಓಡಾಡ್ತಿದಾರೆ," ಎಂದಳು. ನಾನು ಅವಳ ಬೆನ್ನು ಸವರುತ್ತಾ ಚಿಂತಾಮಣಿಯವನಿಗೆ ಮನಸ್ಸಿನಲ್ಲೇ ಹಿಡಿಶಾಪ ಹಾಕಿದೆ.

ಭಾನುವಾರ ಊರಿಗೆ ಹೋದೆ. ತಲೆಗೆ ಸ್ನಾನವಾಯಿತು, ಬಟ್ಟೆ ಬದಲಾಯಿತು, ಬಾಗಿಲಲ್ಲಿ ಬ್ಲೀಚಿಂಗ್ ನೀರಿನಲ್ಲಿ ಕಾಲು ಅದ್ದಿದ್ದೂ ಆಯಿತು. ಹುಳು ಮನೆಯೊಳಗೆ ಹೋದರೆ ನಿಶ್ಶಬ್ದ. ಹುಳುಗಳು ಸೊಪ್ಪು ತಿನ್ನುವಾಗ ಸಣ್ಣ ಮಳೆ ಬಿದ್ದಂತೆ ಚರಚರ ಸದ್ದಿರುತ್ತದೆ. ಅಂದು ಅದಿರಲಿಲ್ಲ. ಹುಳುಗಳು ಮೂರನೇ ಜ್ವರದಲ್ಲಿದ್ದವು.

ಜ್ವರ ಎಂದರೆ ಕಾಯಿಲೆಯಲ್ಲ. ರೇಷ್ಮೆ ಹುಳು ಬೆಳೆಯುತ್ತಾ ನಾಲ್ಕು ಸಲ ಚರ್ಮ ಬಿಡುತ್ತದೆ. ಪ್ರತಿ ಸಲವೂ ಒಂದು ದಿನ ತಿನ್ನುವುದು ಬಿಟ್ಟು, ತಲೆ ಮೇಲಕ್ಕೆತ್ತಿಕೊಂಡು ಕದಲದೆ ನಿಂತುಬಿಡುತ್ತದೆ. ಅದಕ್ಕೆ ನಮ್ಮಲ್ಲಿ ಜ್ವರ ಎನ್ನುತ್ತಾರೆ. ಆಗ ಸೊಪ್ಪು ಹಾಕುವಂತಿಲ್ಲ, ಹಾಸಿಗೆ ಬದಲಿಸುವಂತಿಲ್ಲ, ಮುಟ್ಟುವಂತಂತೂ ಇಲ್ಲವೇ ಇಲ್ಲ. ಅಮ್ಮ ಸುಣ್ಣದ ಪುಡಿ ಉದುರಿಸಿ ಬಾಗಿಲು ಮುಂದೆ ಮಾಡಿಕೊಂಡು ಹೊರಗೆ ಕೂತಿರುತ್ತಾಳೆ.

ನನಗೆ ಮನಸ್ಸು ಸರಿಯಿರಲಿಲ್ಲ. ಹುಡುಗಿಯ ಮುಖವೇ ಕಣ್ಣ ಮುಂದೆ ಬರುತ್ತಿತ್ತು. ಒಂದು ತಟ್ಟೆಯ ಅಂಚಿನಲ್ಲಿ ಹುಳುಗಳ ಮೇಲೆ ಒಣಗಿದ ಸೊಪ್ಪಿನ ಚೂರು ಕಂಡಿತು. ಗೋಡೆಗೆ ಸಿಕ್ಕಿಸಿದ್ದ ಕೋಳಿಗರಿಯನ್ನು ತೆಗೆದುಕೊಂಡು ಮೆಲ್ಲಗೆ ಸವರತೊಡಗಿದೆ. ಆ ಗರಿಗೂ ನನಗೂ ಹಳೆಯ ನಂಟು. ಈಗ ಎಲ್ಲರೂ ಮರಿ ಸಾಕಿ ಕೊಡುವ ಚಾಕಿ ಕೇಂದ್ರದಿಂದ ಸ್ವಲ್ಪ ಬೆಳೆದ ಹುಳುಗಳನ್ನೇ ತರುತ್ತಾರೆ. ನಾನು ಚಿಕ್ಕವಳಿದ್ದಾಗ ಮೊಟ್ಟೆ ನಮ್ಮ ಮನೆಯಲ್ಲೇ ಒಡೆಯುತ್ತಿತ್ತು. ಸಾಸಿವೆಗಿಂತ ಚಿಕ್ಕ ಮರಿಗಳನ್ನು ಮೊಟ್ಟೆಯಿದ್ದ ಹಾಳೆಯಿಂದ ಎಳೆ ಸೊಪ್ಪಿನ ಮೇಲೆ ಗರಿಯಿಂದ ಸವರಿ ಇಳಿಸುವುದು ನನ್ನ ಕೆಲಸ. ಒಂದು ಹಾಳೆಗೆ ಒಂಬತ್ತು ಸಲ, ಹೆಚ್ಚಿಲ್ಲ, ಕಡಿಮೆಯಿಲ್ಲ. ರಾಗಿ ಅಳೆಯುವಾಗ ಮೊದಲನೆಯ ಸೇರಿಗೆ ಒಂದು ಎನ್ನದೆ ಲಾಭ ಎನ್ನುವ ಹಾಗೆ, ಅದನ್ನೂ ಲಾಭ ಎಂದೇ ಎಣಿಸಬೇಕೆಂದು ಅಮ್ಮ ಕಲಿಸಿದ್ದಳು.

"ಲಾಭ, ಎರಡು, ಮೂರು..."

"ಏಯ್, ಕೈ ತೆಗಿಯೇ!"

ಅಮ್ಮನ ಕೂಗಿಗೆ ಗರಿ ಕೆಳಗೆ ಬಿತ್ತು.

"ಜ್ವರದಲ್ಲಿರೋದನ್ನ ಮುಟ್ಬಾರ್ದು ಅಂತ ಎಷ್ಟು ಸಲ ಹೇಳೋದಮ್ಮ ನಿಂಗೆ? ಸುಮ್ನೆ ಮಲಗಿದಾವೆ ಅನ್ಕೊಂಡ್ಯಾ? ಒಳಗೆ ಕೆಲ್ಸ ನಡೀತೈತೆ. ಈಗ ಸವರಿದ್ರೆ ಸವರಿದ್ದು ಹಂಗೇ ಉಳ್ಕೊಳ್ತೈತೆ. ನಾಳೆ ಎಲ್ಲಾ ಒಂದೇ ಸಮ ಏಳಲ್ಲ."

"ಚೂರು ಸೊಪ್ಪು ಇತ್ತಮ್ಮ..."

"ಇರ್ಲಿ! ಹುಟ್ಟಿದಾಗಿಂದ ನೋಡ್ತಿದೀನಿ. ಮಲಗಿರೋದನ್ನ ಕಂಡ್ರೆ ಸಾಕು, ನಿನ್ ಕೈ ಸುಮ್ನಿರಲ್ಲ. ನಾಯಿ ಮರಿ ಮಲಗಿದ್ರೂ ಸವರ್ತೀಯ, ನಾನು ಮಲಗಿದ್ರೂ ಬಂದು ಸವರ್ತೀಯ. ಅಲ್ಲಿ ಆ ಇಲಿಗಳನ್ನೂ ಹಂಗೇ ಸವರ್ತಾ ಕೂತಿರ್ತೀಯೇನೋ, ದೇವುಡಾ!"

ನಾನು ನನ್ನ ಕೈ ನೋಡಿಕೊಂಡೆ. ಬಲಗೈಯ ತೋರುಬೆರಳು ಗಾಳಿಯಲ್ಲಿ ಇನ್ನೂ ಅಲ್ಲಾಡುತ್ತಿತ್ತು. ಆ ಅಲ್ಲಾಟವನ್ನು ನಾನು ದಿನಾ ನೋಡುತ್ತಿದ್ದೆ! ಎಡಗೈಯಲ್ಲಿ ಇಲಿ, ಬಲಗೈಯ ಬೆರಳು ಅದರ ಮೂಗಿನ ಪಕ್ಕದಿಂದ ಹಿಂದಕ್ಕೆ, ಮೀಸೆಯ ಮೇಲೆ, ಲಾಭ, ಎರಡು, ಮೂರು. ಬಲಕ್ಕೆ ಒಂಬತ್ತು, ಎಡಕ್ಕೆ ಒಂಬತ್ತು, ಮತ್ತೆ ಬಲಕ್ಕೆ. ಕಣ್ಣು ಜೋಲುವವರೆಗೆ.

ಮುಖ ಸವರುತ್ತೇನೆ ಎಂದುಕೊಂಡಿದ್ದೆ. ಇಲಿಯ ಮುಖದಲ್ಲಿ ಮೀಸೆ ಬಿಟ್ಟು ಸವರಲು ಇನ್ನೇನಿದೆ? ಅವಳು ಸ್ಕ್ಯಾನರಿನೊಳಗೆ ಕೊಳವೆ ಇಟ್ಟು ಮಾಡುವುದನ್ನು ನಾನು ಹೊರಗೇ, ಮೊದಲಿನ ಚಿತ್ರಕ್ಕೂ ಮೊದಲೇ ಮಾಡಿ ಮುಗಿಸಿ ಕಳಿಸುತ್ತಿದ್ದೆ. ಮೊದಲಿನ ಚಿತ್ರ ಆಮೇಲಿನ ಚಿತ್ರದ ಹಾಗೆ ಕಾಣದೆ ಇನ್ನು ಹೇಗೆ ಕಾಣಬೇಕು? ಕಾರಣ ಸಿಕ್ಕಿತು ಎಂದು ಕುಣಿಯಬೇಕೆನಿಸಿತು. ಅದೇ ಉಸಿರಿನಲ್ಲಿ, ಆ ಕಾರಣ ನಾನೇ ಎಂದೂ ಹೊಳೆಯಿತು.

"ಅಮ್ಮ, ನೀನು ಪ್ರೊಫೆಸರ್ ಆಗ್ಬೇಕಿತ್ತು ಕಣಮ್ಮ," ಎಂದೆ.

"ಇಲಿಗೆ ಪಾಠ ಹೇಳೋಕಾ? ಹೋಗು, ಗರಿ ಎತ್ತಿಟ್ಟು ಹೊರಗೆ ಬಾ."

ಸೋಮವಾರ ಬೆಳಿಗ್ಗೆ ಮುರುಗಮಲ್ಲದಿಂದ ಚಿಂತಾಮಣಿಯ ಮೇಲೆ ಬರುವ ಬಸ್ಸು ಹತ್ತಿದೆ. ಅಲ್ಲಿನ ದರ್ಗಾಗೆ ಹೋಗಿ ಬಂದವರ ಗುಂಪೊಂದು ಸೀಟುಗಳನ್ನೆಲ್ಲ ತುಂಬಿಕೊಂಡಿತ್ತು, ನಾನು ಕಂಬಿ ಹಿಡಿದು ನಿಂತಿದ್ದೆ. ಆ ದಾರಿಯುದ್ದಕ್ಕೂ ನನ್ನ ತಲೆಯೊಳಗೆ ನಡೆದ ಜಗಳವನ್ನು ಇಲ್ಲಿ ಒಪ್ಪಿಕೊಳ್ಳುತ್ತೇನೆ. ಹೇಳದಿದ್ದರೆ ಯಾರಿಗೂ ಗೊತ್ತಾಗುವುದಿಲ್ಲ. ನನ್ನ ದಾಖಲೆ ಪುಸ್ತಕದಲ್ಲಿ ಪ್ರತಿ ಇಲಿಯ ಮುಂದೆಯೂ 'ತಯಾರಿ: ಸರಿ' ಎಂದಷ್ಟೇ ಬರೆದಿದೆ. ಸವರಿದ್ದನ್ನು ನಾನು ಬರೆದೇ ಇರಲಿಲ್ಲ. ಉಸಿರಾಡಿದೆ ಎಂದು ಯಾರಾದರೂ ಬರೆಯುತ್ತಾರೆಯೇ? ಹೇಳಿದರೆ ಕೆಲಸ ಹೋಗಬಹುದು. ಅದರ ಮೇಲೆ ಎಲ್ಲರೆದುರು ಬೈದ ಆ ಚಿಂತಾಮಣಿಯವನ ಮುಂದೆ ನಿಂತು, ನೀನು ಮಾಡಿದ್ದೇ ಸರಿ ಎನ್ನಬೇಕು. ನಿಜ ಹೇಳುತ್ತೇನೆ, ಕೆಲಸ ಹೋಗುವುದಕ್ಕಿಂತ ಇದೇ ನನಗೆ ಕಷ್ಟವಾಗಿತ್ತು.

ಆದರೆ ಶಿಡ್ಲಘಟ್ಟ ದಾಟುವಷ್ಟರಲ್ಲಿ ಇನ್ನೊಂದು ಯೋಚನೆ ಬಂದು ಉಳಿದದ್ದನ್ನೆಲ್ಲ ಪಕ್ಕಕ್ಕೆ ತಳ್ಳಿತು. ಅವಳ ಪ್ರಶ್ನೆ ಏನು? ಮುಟ್ಟಿದ್ದು ಆಮೇಲೂ ಉಳಿಯುತ್ತದೆಯೇ ಎಂದು. ನಾನು ಸವರಿ, ಸ್ಕ್ಯಾನರಿಗೆ ಕೊಟ್ಟು, ಬಾಗಿಲು ಹಾಕಿ, ಯಂತ್ರ ಶುರುವಾಗುವಷ್ಟರಲ್ಲಿ ಎಷ್ಟೋ ಹೊತ್ತಾಗಿರುತ್ತಿತ್ತು. ಆದರೂ ಚಿತ್ರ ಕೆಂಪಗೇ ಬರುತ್ತಿತ್ತು. ಹಾಗಾದರೆ ಉಳಿಯುತ್ತದೆ! ಅವಳಿಗೆ ಬೇಕಾದ ಉತ್ತರ ಆ ಕೆಟ್ಟ ಡೇಟಾದಲ್ಲೇ ಕೂತಿದೆ! ಬಸ್ಸು ಚಿಕ್ಕಬಳ್ಳಾಪುರ ಸೇರುವುದನ್ನು ಕಾಯಲಾರದೆ ನಾನು ಬಾಗಿಲ ಹತ್ತಿರ ಹೋಗಿ ನಿಂತೆ. "ಇಳಿಯೋದು ಇನ್ನೂ ದೂರ ಇದೆ ಕಣಮ್ಮ, ಯಾಕಿಷ್ಟು ಅರ್ಜೆಂಟು?" ಎಂದು ಕಂಡಕ್ಟರು ಕೇಳಿದ. "ಇಲಿ ಸಿಕ್ತು," ಎಂದೆ.

ಹುಡುಗಿ ಕಂಪ್ಯೂಟರಿನ ಮುಂದೆ ಕುಳಿತಿದ್ದಳು, ನಿದ್ದೆಯಿಲ್ಲದ ಕಣ್ಣು. ಚಿಂತಾಮಣಿಯವನು ಪಂಜರ ತೊಳೆಯುತ್ತಿದ್ದ. ಬಾಗಿಲಲ್ಲೇ ನಿಂತು ಎಲ್ಲವನ್ನೂ ಒಂದೇ ಉಸಿರಿಗೆ ಹೇಳಿಬಿಟ್ಟೆ, ಅಮ್ಮ, ಜ್ವರ, ಗರಿ, ಒಂಬತ್ತು ಸಲ, ಮೀಸೆ. ನಂಬದಿದ್ದರೆ ನೋಡಲಿ ಎಂದು ಒಂದು ಇಲಿಯನ್ನು ಕೈಗೆತ್ತಿಕೊಂಡು ತೋರಿಸಿದೆ.

ಅವಳು ಕುರ್ಚಿಯನ್ನು ನನ್ನ ಪಕ್ಕಕ್ಕೆ ಎಳೆದುಕೊಂಡು ನನ್ನ ಬೆರಳು ಎಷ್ಟು ಸಲ ಓಡಾಡುತ್ತದೆಂದು ಎಣಿಸಿದಳು.

"ಒಂದು ವರ್ಷ, ಅಕ್ಕ," ಎಂದಳು. "ಒಂದು ವರ್ಷ ನೀವು ಇದನ್ನ ಮಾಡ್ತಾ ಇದ್ರಿ. ಪಕ್ಕದ ರೂಮಲ್ಲಿ ನಾನು ತಲೆ ಚಚ್ಕೊಳ್ತಾ ಇದ್ದೆ."

"ಬೈಯಮ್ಮ. ನಾಲ್ಕು ಬೈದ್ಬಿಡು. ಆದ್ರೆ ಮೊದ್ಲು ಪೂರ್ತಿ ಕೇಳು. ನಾನು ಸವರಿದ್ದು ನಿನ್ ಮಿಷಿನ್ನಿಗೆ ಕಾಣ್ತಲ್ಲ? ಕೈ ತೆಗೆದು ಅಷ್ಟು ಹೊತ್ತಾದ್ಮೇಲೂ ಕಾಣ್ತಲ್ಲ?"

ಅವಳ ಕಣ್ಣು ನಿಧಾನವಾಗಿ ಅಗಲವಾದದ್ದನ್ನು ನಾನು ನೋಡಿದೆ. ಕುರ್ಚಿಯನ್ನು ಹಿಂದಕ್ಕೆ ತಳ್ಳಿ ಎದ್ದಳು. ಕುರ್ಚಿ ಬಿತ್ತು. "ಅಕ್ಕಾ! ಹಂಗಾದ್ರೆ ಇದು ಕೆಟ್ಟಿಲ್ಲ! ಇವೆಲ್ಲ ಮುಟ್ಟಿದ ಇಲಿಗಳು. ಇವರು ತಯಾರು ಮಾಡಿದ ಆರು, ಮುಟ್ಟದ ಇಲಿಗಳು. ಅಷ್ಟೇ!" ಎಂದು ನನ್ನ ಎರಡೂ ಕೈ ಹಿಡಿದು ಕುಣಿಸಿದಳು. ಆಮೇಲೆ ಥಟ್ಟನೆ ನಿಂತು, "ಆದ್ರೆ ಸರ್ ನಂಬಲ್ಲ. ತೋರಿಸ್ಬೇಕು," ಎಂದಳು.

ನಾನು ಚಿಂತಾಮಣಿಯವನ ಕಡೆ ತಿರುಗಿದೆ. "ನಿನ್ ಮೇಲೆ ಸುಮ್ನೆ ತಪ್ಪು ಹೊರ್ಸಿದೆ ಕಣಪ್ಪ. ಸರಿಯಾಗಿ ಮಾಡಿದೋನು ನೀನೇ."

ಅವನು ಕೈಯಲ್ಲಿದ್ದ ಬ್ರಷ್ಷನ್ನು ಕೆಳಗಿಟ್ಟ. "ನಾನು ಏನ್ ಮಾಡ್ದೆ ಅಕ್ಕಾ? ಏನೂ ಮಾಡ್ಲಿಲ್ಲ. ಅದೇ ಅಲ್ವಾ ನೀನ್ ಬೈದಿದ್ದು?" ಎಂದು ನಕ್ಕ. ಅವನ ನಗುವಿನಲ್ಲಿ ಕೊಂಕು ಹುಡುಕಿದೆ. ಸಿಗಲಿಲ್ಲ. ಅದರಿಂದ ನನಗೆ ಇನ್ನಷ್ಟು ನಾಚಿಕೆಯಾಯಿತು.

ಪರೀಕ್ಷೆಗೆ ನಾಲ್ಕು ಹೊಸ ಇಲಿ. ಎರಡಕ್ಕೆ ನಾನು ಮೀಸೆ ಸವರಬೇಕು, ಎರಡನ್ನು ಚಿಂತಾಮಣಿಯವನು ಸವರದೆ ಮಲಗಿಸಬೇಕು. ಯಾವುದಕ್ಕೆ ಯಾವುದು ಎಂದು ಹುಡುಗಿಗೆ ಗೊತ್ತಾಗಬಾರದು. ಚಿಂತಾಮಣಿಯವನು ಚೀಟಿ ಬರೆದು ಮಡಚಿ ತನ್ನ ಊಟದ ಡಬ್ಬಿಗೆ ಹಾಕಿ ಕುಲುಕಿದ. ಅವನು ಎತ್ತಿ ಇಲಿಯ ನಂಬರು ಬರೆದಿಟ್ಟ ಚೀಟಿಯಂತೆ ನಾವಿಬ್ಬರೂ ಬಾಗಿಲು ಹಾಕಿಕೊಂಡು ಇಲಿ ತಯಾರು ಮಾಡಿ ಕಳಿಸಿದೆವು. ಮಂಗಳವಾರ ಎರಡು, ಬುಧವಾರ ಎರಡು. ಗುರುವಾರ ಇಡೀ ದಿನ ಅವಳು ಲೆಕ್ಕ ಹಾಕಿದಳು. ನಾನು ಹೋಗಿ ಹೋಗಿ ಇಣುಕಿ ನೋಡಿದೆ. ಐದನೇ ಸಲಕ್ಕೆ ಅವಳು ಬಾಗಿಲಿಗೆ ಚಿಲಕ ಹಾಕಿದಳು.

ಸಂಜೆ ನಾಲ್ಕಕ್ಕೆ ಚಿಲಕ ತೆಗೆದ ಸದ್ದು. ಪರದೆಯ ಮೇಲೆ ನಾಲ್ಕು ಮೆದುಳು, ನಾಲ್ಕೂ ಮೊದಲಿನ ಚಿತ್ರಗಳೇ.

"ಈಗ ಯಾರೂ ಮಾತಾಡ್ಬೇಡಿ," ಎಂದಳು. ಪರದೆಯ ಮೇಲೆ ಬೆರಳಿಟ್ಟಳು. "ಒಂದನೇದು ಮತ್ತೆ ನಾಲ್ಕನೇದು, ಅಕ್ಕ ಸವರಿದ್ದು. ಎರಡು ಮೂರು ಸವರಿಲ್ಲ."

ಚಿಂತಾಮಣಿಯವನು ಡಬ್ಬಿ ತೆರೆದು ಚೀಟಿಗಳನ್ನು ಒಂದೊಂದಾಗಿ ಬಿಡಿಸಿ ಮೇಜಿನ ಮೇಲಿಟ್ಟ. ಒಂದನೆಯದು: ಸವರಿದ್ದು. ಎರಡನೆಯದು: ಇಲ್ಲ. ಮೂರನೆಯದು: ಇಲ್ಲ. ನಾಲ್ಕನೆಯ ಚೀಟಿಯನ್ನು ಅವನು ಬಿಡಿಸುವ ಮೊದಲೇ ನಾನು ಕಿರುಚಿಬಿಟ್ಟೆ. ಪಕ್ಕದ ಕೋಣೆಯವರು ಇಲಿ ಕಚ್ಚಿತೆಂದು ಓಡಿ ಬಂದರು.

ನನ್ನ ಬೆರಳಿನ ಸ್ಪರ್ಶ ಒಂದು ಪುಟ್ಟ ತಲೆಯೊಳಗೆ ಕೆಂಪಗೆ ಹೊಳೆಯುತ್ತಿದ್ದುದನ್ನು ನಾನು ಕಣ್ಣಾರೆ ನೋಡಿದೆ. ಜೀವನದಲ್ಲಿ ಎಷ್ಟೋ ಸಂತೋಷ ಪಟ್ಟಿದ್ದೇನೆ, ಇಂಥದ್ದು ಇದೊಂದೇ.

ಶುಕ್ರವಾರ ಪ್ರೊಫೆಸರ್ ಬಂದರು. ಹುಡುಗಿ ಎಲ್ಲವನ್ನೂ ಹೇಳಿದಳು, ಅವಳ ಮಾತಿನ ನಡುವೆ ನಾನೇ ಬಾಯಿ ಹಾಕಿ ತಪ್ಪು ನನ್ನದು ಎಂದೆ. ಅವರು ಚಿತ್ರಗಳನ್ನು ಹಿಂದೆ ಮುಂದೆ ಮಾಡಿ ನೋಡಿದರು. ಆಮೇಲೆ ನನ್ನನ್ನು ನೋಡಿದರು.

"ಎಷ್ಟು ಸಲ ಸವರ್ತೀರಿ?"

"ಒಂದ್ಕಡೆಗೆ ಒಂಬತ್ತು ಸರ್. ಲಾಭದಿಂದ ಒಂಬತ್ತರ ತನಕ."

"ಲಾಭ ಅಂದ್ರೆ?"

"ನಮ್ಮ ಕಡೆ ಮೊದಲನೇದಕ್ಕೆ ಒಂದು ಅನ್ನಲ್ಲ ಸರ್," ಎಂದು ಹುಡುಗಿ ಬಿಡಿಸಿ ಹೇಳಿದಳು. "ನಾನು ಪಕ್ಕದಲ್ಲಿ ಕೂತು ಎಣಿಸಿದೀನಿ. ಹತ್ತಾಗಲ್ಲ, ಎಂಟಾಗಲ್ಲ."

ಪ್ರೊಫೆಸರ್ ಮೊದಲ ಸಲ ನಕ್ಕರು. "ನಾಲ್ಕು ಇಲಿಯಿಂದ ಏನೂ ಸಾಬೀತಾಗಲ್ಲ. ಆದ್ರೆ ಈ ವರ್ಷದ್ದನ್ನ ಎಸೀಬಾರ್ದು ಅನ್ನೋಕೆ ಇಷ್ಟು ಸಾಕು. ಮುಟ್ಟದ ಇಲಿಗಳು ಇನ್ನಷ್ಟು ಬೇಕು. ನಾಲ್ಕು ತಿಂಗಳಲ್ಲಿ ಆಗುತ್ತೆ." ಹುಡುಗಿ ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡಳು. ಅವರು ಎದ್ದು ಹೊರಡುವಾಗ ನನ್ನ ಮುಂದೆ ನಿಂತರು. "ಇನ್ಮೇಲೆ ಕೈ ಮಾಡಿದ್ದೆಲ್ಲ ಪುಸ್ತಕದಲ್ಲಿ ಬರೀಬೇಕು. ಬರೆಯೋವಷ್ಟು ದೊಡ್ಡದಲ್ಲ ಅನ್ನಿಸಿದ್ದನ್ನೂ. ಅದನ್ನೇ ಮೊದ್ಲು." ನನ್ನ ಕೆಲಸ ಉಳಿದದ್ದು ಆ ಮಾತಿನಿಂದ ನನಗೆ ತಿಳಿಯಿತು.

ಮುಟ್ಟದ ಇಲಿಗಳ ಸರದಿ ಮರುದಿನವೇ ಶುರುವಾಯಿತು. ಔಷಧ ಕೊಟ್ಟು ಡಬ್ಬಿಯಲ್ಲಿ ಮಲಗಿಸಿದೆ. ಮುಚ್ಚಳದ ಗಾಜಿನೊಳಗೆ ಅದು ಮೂಗಾಡಿಸುತ್ತಾ ನನ್ನನ್ನೇ ನೋಡುತ್ತಿತ್ತು. ನನ್ನ ಬೆರಳು ತಾನಾಗಿಯೇ ಎದ್ದಿತು.

"ಅಕ್ಕಾ," ಎಂದ ಚಿಂತಾಮಣಿಯವನು ಪಕ್ಕದ ಸ್ಟೂಲು ಎಳೆದು. "ಸುಮ್ನೆ ಕೂರೋದು ನಾನ್ ಹೇಳ್ಕೊಡ್ತೀನಿ, ಬಾ. ಎರಡೂ ಕೈ ತೊಡೆ ಕೆಳಗೆ ಇಡು. ಹಾಂ. ಈಗ ಬೆಟ್ಟ ನೋಡು."

ಬೆಟ್ಟ ನೋಡಿದೆ. ಆ ಐದಾರು ನಿಮಿಷ ನನ್ನ ಆಯುಸ್ಸಿನ ಅತಿ ಉದ್ದದ ನಿಮಿಷಗಳು. ಮತ್ತೆ ಡಬ್ಬಿಯತ್ತ ತಿರುಗಿದರೆ ಇಲಿ ಬಾಲವನ್ನು ಸುತ್ತಿಕೊಂಡು, ಯಾರ ಕೈಯೂ ಇಲ್ಲದೆ, ತನ್ನಷ್ಟಕ್ಕೆ ಕಣ್ಣು ಮುಚ್ಚಿತ್ತು. ನನಗೆ ಖುಷಿಯೂ ಆಯಿತು, ಒಂದಿಷ್ಟು ಕಸಿವಿಸಿಯೂ ಆಯಿತು. ಇಷ್ಟು ದಿನ ಅವು ನನ್ನ ಕೈಯಿಂದಲೇ ಮಲಗುತ್ತವೆ ಎಂದುಕೊಂಡಿದ್ದೆ. ಸವರುವುದು ಬೇಕಾಗಿದ್ದದ್ದು ನನಗೇ. ಪುಸ್ತಕ ತೆಗೆದು ಆ ಇಲಿಯ ಮುಂದೆ 'ಮುಟ್ಟಿಲ್ಲ' ಎಂದು ಬರೆದೆ.

ಇಲಿಯನ್ನು ಸ್ಕ್ಯಾನರಿಗೆ ಕೊಟ್ಟು ಹೊರಗೆ ಬಂದಾಗ ಫೋನು ಹೊಡೆದುಕೊಳ್ಳುತ್ತಿತ್ತು. ಅಮ್ಮ. ಹಿಂದೆ ಹುಳು ಮನೆಯ ಸದ್ದು ಜೋರಾಗಿ ಕೇಳಿಸುತ್ತಿತ್ತು.

"ನಾಲ್ಕನೇ ಜ್ವರ ಎದ್ದಾವೆ ಕಣೇ, ಎಲ್ಲಾ ಒಂದೇ ಸಮ ಎದ್ದಾವೆ! ಆ ನೀನು ಸವರಿದ ತಟ್ಟೇಲೊಂದೇ ನಾಲ್ಕೈದು ಹಿಂದೆ ಬಿದ್ದಿರೋದು. ನಾನ್ ಹೇಳಿದ್ದೆ ತಾನೇ?"

"ಹೇಳಿದ್ದೆ ಕಣಮ್ಮ."

"ಈಗ ಸೊಪ್ಪು ಹಾಕಿದ್ದು ಹಾಕ್ದಂಗೆ ಖಾಲಿ ಮಾಡ್ತವೆ. ನನ್ ಎರಡು ಕೈ ಸಾಲ್ತಾ ಇಲ್ಲ. ನಾಳೆ ಬಾ."

"ಮುಟ್ಬೋದಾ?"

"ಈಗ ಮುಟ್ದೆ ಇನ್ಯಾವಾಗ ಮುಟ್ತೀಯ? ಬೇಗ ಬಾರೇ. ತಲೆಗೆ ಸ್ನಾನ ಮಾಡ್ಕೊಂಡ್ ಬಾ."